ಒಂದೇ ಸ್ಟಾರ್ ಕೊಟ್ಟ ವಿಮರ್ಶೆ

ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಬರೆದ ಮೊದಲ ವಿಮರ್ಶೆ ಅದು, ಒಂದು ಫೋನ್ ಗೇಮಿನ ಬಗ್ಗೆ. ಇನ್ನಾದರೂ ಯಾರೂ ನನ್ನನ್ನು ದಡ್ಡ ಅನ್ನಬಾರದು. ನೆಟ್ಟಿಗೆ ಹಾಕುವ ಮೊದಲು, ಅದೇ ಗೇಮ್ ಆಡಿ ಮುಗಿಸಿದ್ದ ಗೆಳೆಯ ಮೌನೇಶನಿಗೆ ಸಿಟ್ಟಿನಲ್ಲೇ ಓದಿ ಹೇಳಿದೆ.

"ಇದು ಪತ್ತೇದಾರಿ ಗೇಮ್ ಅಂತೆ. ಕೊಲೆ ಬಗ್ಗೆ ವಿಚಾರಿಸೋಣ ಅಂದ್ರೆ ದ್ವೀಪದ ಊರಲ್ಲಿ ಒಂದು ನರಪಿಳ್ಳೆನೂ ಇಲ್ಲ. ಸಮುದ್ರದಡಿ ಮಲಗಿರೋ ದೈತ್ಯ ಯಾಕೆ ಏಳ್ತಾನೆ ಅಂತ ಹೇಳೋರೂ ಇಲ್ಲ. ಈ ಗೇಮ್ ಮಾಡಿದವನ ತಲೇಲಿ ಸಗಣಿ. ಒಂದೇ ಸ್ಟಾರ್."

ಮೌನೇಶ ತಲೆ ಕೆರೆದುಕೊಂಡ.

"ದೋಣಿ ಇಳಿದ ಕೂಡ್ಲೇ ಹನ್ನೊಂದು ಜನ ಎದುರಿಗೆ ಬರ್ತಾರಲ್ಲೋ?"

"ಬಂದ್ರು."

"ನಿನ್ನ ಹತ್ರ ಏನೋ ಹೇಳ್ಬೇಕು ಅಂತಾರಲ್ಲ?"

"ಅಂದ್ರು."

"ಮತ್ತೆ ಅವರೆಲ್ಲ ಎಲ್ಲಿ ಹೋದ್ರು?"

ನಾನು ಫೋನ್ ಮಗುಚಿಟ್ಟೆ.

"ಅವರು ಹೇಳೋ ಮೊದ್ಲೇ ಗುಂಡು ಹಾರಿಸಿಬಿಟ್ಟೆ ಕಣೋ. ಹನ್ನೊಂದು ಜನಕ್ಕೂ."