ಮಾವ ತಂದ ಬ್ಯಾಡ್ಜು

“ಅಸಲಿಯೋ, ನಕಲಿಯೋ? ನಿಧಾನವಾಗಿ ನೋಡಿ ಹೇಳಪ್ಪ,” ಎಂದು ನಟರಾಜ್ ಒಂದು ಹಿತ್ತಾಳೆ ಬ್ಯಾಡ್ಜನ್ನು ಶಶಾಂಕನ ಅಂಗೈಯಲ್ಲಿಟ್ಟರು.

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಶಶಾಂಕ ಆಸ್ಟ್ರೇಲಿಯಾದ ಪರ್ತ್ ಹತ್ತಿರದ ಮೋರ್ಲಿಯ ಈ ಮನೆಗೆ ಬಂದದ್ದು ಬ್ಯಾಡ್ಜು ನೋಡುವುದಕ್ಕಲ್ಲ. ನಿಮ್ಮ ಮಗಳು ಕವನಾಳನ್ನು ನನಗೆ ಕೊಟ್ಟು ಮದುವೆ ಮಾಡಿ ಎಂದು ಕೇಳುವುದಕ್ಕೆ. ಕಾಫಿ ಮುಗಿಯಿತು, ಚಕ್ಕುಲಿ ಮುಗಿಯಿತು, ಮದುವೆಯ ಮಾತು ಮಾತ್ರ ಬರಲಿಲ್ಲ. ಬಂದದ್ದು ಮಖಮಲ್ಲು ಹಾಸಿದ ಟ್ರೇಗಳು, ಒಂದರ ಹಿಂದೊಂದು. ಸೈನಿಕರ ಟೋಪಿಯ ಬ್ಯಾಡ್ಜು, ಭುಜದ ಬ್ಯಾಡ್ಜು, ರಿಬ್ಬನ್ ಕಟ್ಟಿದ ಪದಕ. ಊಟದ ಮೇಜಿನ ಮೇಲೆ ಎರಡೂ ಮಹಾಯುದ್ಧಗಳು ಮುಗಿದುಹೋದವು.

ಕವನಾ ಮೊದಲೇ ಎಚ್ಚರಿಸಿದ್ದಳು. “ಡ್ಯಾಡ್‌ಗೆ ಬ್ಯಾಡ್ಜಸ್ ಅಂದ್ರೆ ಎವ್ರಿಥಿಂಗ್. ಜಸ್ಟ್ ಲವ್ ದೆಮ್, ಓಕೆ?” ಪ್ರೀತಿಸಿದವಳ ಅಪ್ಪಣೆ, ಮೀರುವುದುಂಟೇ? ಪರ್ತ್ ಸಿಟಿಯ ಆಫೀಸಿಗೆ ಹೋಗುತ್ತ ಬರುತ್ತ ಬಸ್ಸಿನಲ್ಲಿ ಸೇನಾ ಪದಕಗಳ ವಿಡಿಯೋ ನೋಡಿದ್ದೇ ನೋಡಿದ್ದು. ಇಂಜಿನಿಯರಿಂಗ್ ಪರೀಕ್ಷೆಗೂ ಈ ಪುಣ್ಯಾತ್ಮ ಇಷ್ಟು ಓದಿರಲಿಲ್ಲ. ಪದಕವನ್ನು ಉಜ್ಜಿ ಹೊಳಪು ಮಾಡಬಾರದು, ಅಂಚು ಹಿಡಿದು ಎತ್ತಬೇಕು, ಮುಂಭಾಗಕ್ಕೆ ಮರುಳಾಗದೆ ಹಿಂಭಾಗ ತಿರುಗಿಸಿ ನೋಡಬೇಕು ಎಂಬುದನ್ನೆಲ್ಲ ಉರು ಹೊಡೆದುಕೊಂಡು ಬಂದಿದ್ದ.

ಸೋಫಾದ ಮೂಲೆಯಲ್ಲಿ ನಂಜುಂಡಪ್ಪ ತಾತ ಕೂತಿದ್ದರು. ನಟರಾಜರ ಮಾವ, ಅಂದರೆ ಅವರ ಹೆಂಡತಿ ಗೌರಿಯ ತಂದೆ. ಬ್ರಿಸ್ಬೇನಿನಲ್ಲಿ ಮಗನ ಜೊತೆಗಿದ್ದಾರೆ. ಮಗಳನ್ನು ನೋಡಲು ಬರುವಾಗಲೆಲ್ಲ ದಾರಿಯಲ್ಲಿ ಅಡಿಲೇಡಿನಲ್ಲಿ ಇಳಿದು, ಹಳೆ ಸಾಮಾನಿನ ಹರಾಜುಗಳನ್ನೆಲ್ಲ ಜಾಲಾಡಿ, ಒಂದು ಡಬ್ಬಿ ಬ್ಯಾಡ್ಜು ಹೊತ್ತು ತರುತ್ತಾರಂತೆ. ನಟರಾಜ್ ಪ್ರತಿ ಟ್ರೇ ತೆರೆಯುವಾಗಲೂ ಒಮ್ಮೆ ಅವರ ಮುಖ ನೋಡುತ್ತಿದ್ದರು. ತಾತ “ಭೇಷ್, ಬಹಳ ಚೆನ್ನಾಗಿದೆ” ಎಂದು ತಲೆಯಾಡಿಸಿ ಮತ್ತೆ ತೂಕಡಿಸುತ್ತಿದ್ದರು. ಪಾಪ, ವಯಸ್ಸಾದ ಜೀವ ಎಂದುಕೊಂಡ ಶಶಾಂಕ.

ಅವನು ಬ್ಯಾಡ್ಜನ್ನು ಬೋರಲು ಹಾಕಿದ. ಬೆನ್ನಿನ ತುಂಬ ಸಣ್ಣ ಸಣ್ಣ ಗುಳಿ. ಮುಂಭಾಗದಲ್ಲಿದ್ದ ಸೂರ್ಯನ ಕಿರಣಗಳಂಥ ಗೆರೆಗಳು ಸವೆದ ಸಾಬೂನಿನ ಹಾಗೆ ಮೊಂಡಾಗಿದ್ದವು.

“ಅಚ್ಚು ಒತ್ತಿದ್ದಲ್ಲ ಅಂಕಲ್, ಎರಕ ಹೊಯ್ದಿದ್ದು. ಡೂಪ್ಲಿಕೇಟ್!”

“ಮೆಲ್ಲಗೆ ಮಾತಾಡೋ ಮಾರಾಯ!” ನಟರಾಜ್ ಗಾಬರಿಯಿಂದ ಸೋಫಾದ ಕಡೆ ತಿರುಗಿದರು. “ಅದು ಈ ಸಲ ಮಾವ ತಂದಿದ್ದು.”

ಆಯಿತು, ಕೆಟ್ಟೆ! ಎಂದುಕೊಂಡ ಶಶಾಂಕ. ಹೆಣ್ಣು ಕೇಳಲು ಬಂದವನು ಹೆಣ್ಣಿನ ತಾತನ ಉಡುಗೊರೆಯನ್ನೇ ನಕಲಿ ಅಂದುಬಿಟ್ಟ! ಪುಣ್ಯಕ್ಕೆ ತಾತ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ನಟರಾಜ್ ಅವನ ತೋಳು ಹಿಡಿದು ಗ್ಯಾರೇಜಿಗೆ ಎಳೆದುಕೊಂಡು ಹೋಗಿ ಬಾಗಿಲು ಮುಚ್ಚಿದರು.

“ನಿಜ ಹೇಳು. ನಿನಗೆ ಇದೆಲ್ಲ ಅಷ್ಟೊಂದು ಇಷ್ಟಾನಾ?”

ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡು ಅನ್ನುತ್ತಾರೆ. ಶಶಾಂಕನ ಪಾಲಿಗೆ ಬಂದದ್ದು ಒಂದೇ ಸುಳ್ಳು.

“ಪ್ರಾಣ, ಅಂಕಲ್.”

ನಟರಾಜ್ ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು.

“ಹಾಗಾದ್ರೆ ಕವನಾನ ನಿನಗೇ ಕೊಡ್ತೀನಿ. ಜೊತೆಗೆ ಈ ಟ್ರೇಗಳನ್ನೂ ಇವತ್ತೇ ತಗೊಂಡು ಹೋಗಿಬಿಡು. ನನಗೆ ಬ್ಯಾಡ್ಜ್ ಕಂಡ್ರೆ ಆಗಲ್ಲ ಕಣೋ!”

“ಮತ್ತೆ ಇಷ್ಟೊಂದು ಟ್ರೇ ಹೇಗೆ ಅಂಕಲ್?”

“ಗೌರೀನ ನೋಡೋಕೆ ಅಂತ ಮೈಸೂರಿಗೆ ಹೋಗಿದ್ವಿ. ಮಾವನ ಮನೆ ಶೋಕೇಸಲ್ಲಿ ಇಂಥದ್ದೊಂದು ಇತ್ತು. ಹೆಣ್ಣು ನೋಡೋಕೆ ಹೋದ ಮನೇಲಿ ಏನಾದ್ರೂ ಹೊಗಳಬೇಕಲ್ಲ, ಹೊಗಳಿಬಿಟ್ಟೆ. ತಕ್ಷಣ ತೆಗೆದು ನನ್ನ ಕೈಗೇ ಕೊಟ್ಟರು. ಅವತ್ತು ಶುರುವಾಗಿದ್ದು ಇವತ್ತಿಗೂ ನಿಂತಿಲ್ಲ. ಆ ಮನುಷ್ಯನಿಗೆ ಇದರ ಹುಚ್ಚು. ಹೆಣ್ಣು ಕೊಟ್ಟ ಮಾವ ಪ್ರೀತಿಯಿಂದ ತಂದಿದ್ದನ್ನ ಬೇಡ ಅನ್ನೋಕಾಗುತ್ತಾ? ಮೊಮ್ಮಗಳ ಗಂಡನಿಗೆ ಕೊಟ್ಟೆ ಅಂದ್ರೆ ಅವರಿಗೂ ಸಂತೋಷ, ನನಗೂ ಬಿಡುಗಡೆ.”

ಶಶಾಂಕನಿಗೆ ಕುಣಿದಾಡುವಷ್ಟು ಖುಷಿ. ಹೆಣ್ಣು ಸಿಕ್ಕಿತು! ಟ್ರೇಗಳನ್ನು ಮನೆಯ ಯಾವುದಾದರೂ ಮಂಚದ ಕೆಳಗೆ ತಳ್ಳಿದರಾಯಿತು. ಅಲ್ಲಿಗೆ ಬ್ಯಾಡ್ಜಿನ ಋಣ ಹರಿಯಿತು. ಅವನು ಒಂದೊಂದೇ ಟ್ರೇ ಹೊತ್ತು ಕಾರಿಗೆ ತುಂಬಿದ. ನಟರಾಜ್ ಕೂಸಿನ ಭಾರ ಇಳಿಸಿದ ಬಾಣಂತಿಯ ಹಾಗೆ ಹಗುರಾಗಿ ಒಳಗೆ ಹೋದರು.

ಡಿಕ್ಕಿ ಮುಚ್ಚಿ ತಿರುಗಿದರೆ ನಂಜುಂಡಪ್ಪ ತಾತ ನಿಂತಿದ್ದಾರೆ. ನಿದ್ದೆಯ ಸುಳಿವೇ ಇಲ್ಲ. ಡೂಪ್ಲಿಕೇಟ್ ಅಂದದ್ದು ಕಿವಿಗೆ ಬಿದ್ದಿದ್ದರೆ ಬಂದ ಭಾಗ್ಯ ಬಾಗಿಲಲ್ಲೇ ಹೊರಟುಹೋಗುತ್ತದೆ.

“ಅಳಿಯಂದಿರು ಎಲ್ಲಾ ನಿನಗೇ ಕೊಟ್ಟುಬಿಟ್ಟರಾ?”

“ಹೂಂ ತಾತ. ನನಗೂ ಇದರ ಹುಚ್ಚು. ಜೋಪಾನವಾಗಿ ಇಟ್ಕೋತೀನಿ.”

ತಾತ ಮನೆಯ ಕಿಟಕಿಯ ಕಡೆ ಒಮ್ಮೆ ನೋಡಿದರು. ಹತ್ತಿರ ಬಂದು ದನಿ ತಗ್ಗಿಸಿದರು.

“ಬದುಕಿದೆ ಕಣಪ್ಪ! ಮೈಸೂರಿನ ನಮ್ಮ ಶೋಕೇಸಲ್ಲಿ ಇದ್ದದ್ದು ಯಾರೋ ಬಾಡಿಗೆಯವರು ಮನೆ ಬಿಡುವಾಗ ಮರೆತು ಹೋದ ಬ್ಯಾಡ್ಜು. ಹೆಣ್ಣು ನೋಡೋಕೆ ಬಂದ ಹುಡುಗ ಅಷ್ಟು ಆಸೆಪಟ್ಟನಲ್ಲ ಅಂತ ಅವತ್ತಿಂದ ಊರೂರು ಅಲೆದು ತಂದುಕೊಟ್ಟು ಸುಸ್ತಾಗಿಹೋಗಿತ್ತು. ಹೋಗಲಿ, ಇನ್ಮೇಲೆ ನಿನಗೆ ಎಂಥೆಂಥದ್ದು ತರಲಿ, ಹೇಳು?”