ಹತ್ತಿ ಗೋದಾಮಿನಿಂದ ಬಂದ ಅಳಿಯ

ಗೋದಾಮಿನ ಮೂಲೆಯಲ್ಲಿ ಕಂದು ಹೊಗೆ ಏಳುತ್ತಿದ್ದುದನ್ನು ಮೊದಲು ಕಂಡವನು ಅಳಿಯ. ಕಂಡವನೇ ಆಳುಗಳನ್ನೆಲ್ಲ ಹೊರಗಟ್ಟಿ, ಎರಡಾಳೆತ್ತರದ ಕಬ್ಬಿಣದ ಬಾಗಿಲನ್ನು ದರದರ ಎಳೆದು ಚಿಲಕ ಹಾಕಿದ.

ಮಾವ ಆಗಷ್ಟೇ ಊಟದ ಡಬ್ಬಿ ತೊಳೆದಿಟ್ಟು, ನೋಯುವ ಮಂಡಿ ನೀವಿಕೊಳ್ಳುತ್ತಾ ಹೊರಗಿನ ಬೆಂಚಿನ ಮೇಲೆ ಕೂತಿದ್ದ. ಗೊಬ್ಬರಕ್ಕೆ ಹೋಗುವ ಅಮೋನಿಯಂ ನೈಟ್ರೇಟ್ ಮೂಟೆಗಳನ್ನು ಇಪ್ಪತ್ತೊಂಬತ್ತು ವರ್ಷ ಕಾಯ್ದುಕೊಂಡು ಬಂದ ಮೇಲ್ವಿಚಾರಕ. ಬಾಗಿಲ ಸದ್ದಿಗೆ ಎದ್ದ. ಈಚೆಗೆ ಏಳುವುದೂ ಒಂದು ಕೆಲಸವೇ ಆಗಿತ್ತು.

"ಏನಾಯ್ತು ಅಳಿಯಂದ್ರೇ?"

"ಮೂಲೇಲಿ ಒಂದು ಮೂಟೆ ಹೊಗೆಯಾಡ್ತಿದೆ ಮಾವ. ದೀಪಕ್ಕೆ ತಾಗ್ಕೊಂಡು ಬಿಸಿಯಾಗಿರ್ಬೇಕು. ಗಾಬರಿ ಬೇಡ, ಬಾಗಿಲು ಹಾಕಿಬಿಟ್ಟಿದ್ದೀನಿ. ಗಾಳಿ ಇಲ್ದೆ ತಾನಾಗೇ ಆರುತ್ತೆ."

ಅಳಿಯ ಎಂಟು ವರ್ಷ ಹತ್ತಿ ಗೋದಾಮಿನಲ್ಲಿ ದುಡಿದವನು. ಅಲ್ಲಿ ಎರಡು ಸಲ ಹೀಗೆ ಬಾಗಿಲು ಮುಚ್ಚಿಯೇ ಬೆಂಕಿ ಆರಿಸಿ ಭೇಷ್ ಅನ್ನಿಸಿಕೊಂಡಿದ್ದ. ಮಗಳ ಗಂಡ ಕಣ್ಣೆದುರಿಗಿರಲಿ ಎಂದು ಇಲ್ಲಿ ಕೆಲಸ ಕೊಡಿಸಿದ್ದು ಮಾವನೇ. ಇಲ್ಲಿಯ ಪಾಠ ಹೇಳಲು ಹೋದಾಗಲೆಲ್ಲ "ಗೊತ್ತು ಮಾವ, ಗೊತ್ತು" ಅನ್ನುತ್ತಿದ್ದ. ಹೇಳಿ ಹೇಳಿ ಸಾಕಾಗಿ, ಹಾಳಾಗಿ ಹೋಗಲಿ ಎಂದು ಮಾವ ಸುಮ್ಮನಾಗಿದ್ದ. ಹಾಗೆ ಸುಮ್ಮನಾದದ್ದರ ಬೆಲೆ ಈಗ ಬಾಗಿಲ ಹಿಂದೆ ಹೊಗೆಯಾಡುತ್ತಿತ್ತು.

"ತೆಗಿಯೋ! ಬಾಗಿಲು ತೆಗಿ!" ಮದುವೆಯಾದಾಗಿನಿಂದ 'ನೀವು' ಎಂದೇ ಮಾತಾಡಿಸಿದ್ದ ಬಾಯಿ ಒಮ್ಮೆಲೇ ಏಕವಚನಕ್ಕೆ ಇಳಿಯಿತು.

"ತೆಗೆದ್ರೆ ಧಗ್ಗಂತ ಹತ್ಕೊಳ್ಳಲ್ವಾ?"

"ಹತ್ತಿಗೆ ಹೊರಗಿನ ಗಾಳಿ ಬೇಕು ಕಣೋ. ಇದು ಕಾದ್ರೆ ತನ್ನ ಹೊಟ್ಟೆಯಿಂದ್ಲೇ ಗಾಳಿ ಬಿಡುತ್ತೆ. ಕೂಡಿಹಾಕಿದ್ರೆ ಆ ಗಾಳಿ ಎಲ್ಲಿಗೆ ಹೋಗ್ಬೇಕು? ಸಿಡಿದು ನಮ್ಮನ್ನೂ ಕರ್ಕೊಂಡೇ ಹೋಗುತ್ತೆ, ಈ ಬೀದೀನೂ ಬಿಡಲ್ಲ!"

ಅಳಿಯ ಬಾಗಿಲಿಗೆ ಓಡಿದ. ಚಿಲಕ ಕಚ್ಚಿಕೊಂಡು ಕೂತಿತ್ತು. ಇಬ್ಬರೂ ಹೆಗಲು ಕೊಟ್ಟು ನೂಕಿದರು. ಮಗಳಿಗೆ ಯಾವ ಮುಖ ತೋರಿಸಲಿ ಅಂದುಕೊಂಡ ಮಾವ. ಮುಖ ಉಳಿದರೆ ತಾನೇ ತೋರಿಸುವುದು! ಮೂರನೆಯ ನೂಕಿಗೆ ಚಿಲಕ ಬಿಟ್ಟಿತು, ಹೊಗೆ ದಬದಬ ಹೊರಗೆ ನುಗ್ಗಿತು.

"ಹೊಗೆ ಕುಡೀಬೇಡ, ಗಾಳಿಗೆ ಬೆನ್ನು ಕೊಟ್ಟು ನಿಲ್ಲು. ನೀರು ಬಿಡು, ಕಂಜೂಸಿ ಮಾಡ್ಬೇಡ," ಎಂದು ಕೂಗುತ್ತಾ ಮಾವ ಕುಂಟಿಕೊಂಡೇ ಹೋಗಿ ದೀಪದ ಮೇನ್ ಸ್ವಿಚ್ ಆರಿಸಿ, ಆಚೆ ಕಡೆಯ ಬಾಗಿಲನ್ನೂ ಹಾರುಹೊಡೆದ. ಒಂದು ಗಂಟೆ ನೀರು ಸುರಿಯಿತು. ಕಂದು ಹೊಗೆ ಬಿಳಿಯಾಯಿತು, ತೆಳ್ಳಗಾಯಿತು, ಕೊನೆಗೆ ನಿಂತಿತು. ಅಳಿಯ ಪೈಪನ್ನು ಕೆಳಗಿಟ್ಟು ಅಲ್ಲೇ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟ. ಮಾವ ಮಂಡಿ ಹಿಡಿದುಕೊಂಡು ಅವನ ಪಕ್ಕಕ್ಕೆ ಬಂದು ನಿಂತ.

ಆಗ ಪಕ್ಕದ ಕಚೇರಿಯ ಮಹಡಿಯಿಂದ ಮ್ಯಾನೇಜರು ಇಳಿದು ಬಂದರು. ನೀರು ತುಳಿಯದಂತೆ ಪ್ಯಾಂಟು ಎತ್ತಿ ಹಿಡಿದುಕೊಂಡು ಮೂಟೆಗಳ ಸಾಲನ್ನು ನೋಡಿದರು.

"ಒಂದು ಮೂಟೆ ಕೆಟ್ಟಿತು ಅಂತ ಇಡೀ ಸಾಲನ್ನೇ ನೆನೆಸಿದ್ದೀರಲ್ರೀ! ಯಾರನ್ನ ಕೇಳಿ ಮಾಡಿದ್ರಿ? ನಾಳೆ ಬೆಳಿಗ್ಗೆಯೊಳಗೆ ನನಗೆ ಬರವಣಿಗೆಯಲ್ಲಿ ಉತ್ತರ ಬೇಕು."

ಅಳಿಯ ಏನೋ ಹೇಳಲು ಎದ್ದ. ಮಾವ ಅವನ ಭುಜ ಅದುಮಿ ಕೂರಿಸಿದ.

"ಕೊಡ್ತೀನಿ ಸ್ವಾಮಿ," ಎಂದ. "ಬರೆಯೋಕೆ ನಾನು ಉಳಿದಿದ್ದೀನಿ, ಓದೋಕೆ ನೀವೂ ಉಳಿದಿದ್ದೀರಿ."