ಕಾದ ಭಟ್ಟಿ

ಸುಭಾಸನ ಮಣ್ಣಿಗೆ ಬಂದವರೆಲ್ಲ ತಮ್ಮ ತಮ್ಮ ಊರಿಗೆ ಹೋದ ಮೇಲಿನ ಮೊದಲ ಬೆಳಗು. ದಾನೇಶ್ವರಿ ರೂಢಿಯಂತೆ ಕೊಡ ತುಂಬಿಕೊಂಡು ಹಿತ್ತಲಿಗೆ ಹೋದವಳು ಅರ್ಥಿಂಗ್ ಗುಂಡಿಯ ಎದುರು ನಿಂತುಬಿಟ್ಟಳು. ಕರಿ ಮಣ್ಣು ಅಂಗೈ ಹೋಗುವಷ್ಟು ಬಿರಿದಿತ್ತು. ತಂತಿ ಕಟ್ಟಿದ ಪೈಪಿಗೂ ಮಣ್ಣಿಗೂ ಸಂಬಂಧವೇ ಉಳಿದಿರಲಿಲ್ಲ. ಸೋರಿದ ಕರೆಂಟು ನೆಲಕ್ಕಿಳಿಯಲೆಂದು ಬೇಸಿಗೆಯಲ್ಲಿ ಅಲ್ಲಿಗೆ ದಿನಾ ಒಂದು ಕೊಡ ನೀರು ಹಾಕುವುದು ಅವಳ ಕೆಲಸ. ಗಂಡ ಸುಭಾಸ ಸತ್ತ ವಾರ ಅವಳು ದೇವಿಕೊಪ್ಪದ ತವರಿನಲ್ಲಿದ್ದಳು. ಹಾಕಿರೆಂದು ಯಾರಿಗೂ ಹೇಳಿ ಹೋಗಿರಲಿಲ್ಲ.

ಕೊಡ ಅಲ್ಲೇ ಇಟ್ಟಳು. ಮುಂಬಾಗಿಲಿನಿಂದ ಕೂಗು ಕೇಳಿತು.

"ಯವ್ವಾ, ಭಟ್ಟಿ ಒಯ್ಯಾಕ ಬಂದೀನಿ."

ಸಂಶಿ ಊರಿನ ಅಕ್ಕಸಾಲಿಗ, ಪತ್ತಾರ ಈರಪ್ಪ. ಬಂಗಾರ ಕರಗಿಸುವ ಅವನ ಕರೆಂಟಿನ ಭಟ್ಟಿಯನ್ನು ಸುಭಾಸ ಎರವಲು ತಂದಿದ್ದ. ಯುನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದ ಅವನಿಗೆ ಅಲ್ಲಿಯ ಭಟ್ಟಿಯ ಪಾಳಿ ಬೇಗ ಬರುತ್ತಿರಲಿಲ್ಲ. ಅಲ್ಯೂಮಿನಾ, ಝಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತುಗಳ ನ್ಯಾನೋ ಪುಡಿ ಬೆರೆಸಿ ಒತ್ತಿದ ಬಿಲ್ಲೆಗಳನ್ನು ಅದರಲ್ಲಿ ಕಾಯಿಸಿ, ಎಷ್ಟು ಕಾವಿಗೆ ಎಷ್ಟು ಕರೆಂಟು ಸೋರುತ್ತದೆಂದು ಅಳೆದು ಬರೆದಿಡುತ್ತಿದ್ದ. ಕೊನೆಗೆ ಅದರ ಮುಂದೆಯೇ ಬಿದ್ದಿದ್ದ. ಮೈಮೇಲೆ ಒಂದು ಸುಟ್ಟ ಕಲೆಯೂ ಇರಲಿಲ್ಲ. ಎದೆ ಒಡೆಯಿತು ಎಂದಿತು ಊರು. ಅತ್ತೆ ಮಹಾದೇವಕ್ಕ ಆ ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

"ಒಯ್ಯಪಾ," ಎಂದಳು ಹೊಸ್ತಿಲಲ್ಲಿ ಕೂತಿದ್ದ ಅತ್ತೆ. "ನನ್ನ ಕಣ್ಣ ಮುಂದ ಇರೂದ ಬ್ಯಾಡ."

ಈರಪ್ಪ ಪ್ಲಗ್ ಚುಚ್ಚಿ, ಭಟ್ಟಿಯ ತಗಡಿಗೆ ಟೆಸ್ಟರ್ ಹಚ್ಚಿದ. ದೀಪ ಹತ್ತಲಿಲ್ಲ. "ಅಗದಿ ಚಲೋ ಐತಿ. ನಾಳೆ ಒಂದು ತಾಳಿ ಕೊಡೂದೈತಿ. ನನ್ನ ಮಗ ಸಿದ್ದರಾಮ ಇವತ್ತ ಹಚ್ಚತಾನ."

ಸುಮ್ಮನಿದ್ದರೆ ಇಲ್ಲಿಗೇ ಮುಗಿಯುತ್ತಿತ್ತು. ದಾನೇಶ್ವರಿ ಅತ್ತೆಯತ್ತ ನೋಡದೆ ಹೇಳಿದಳು: "ತಣ್ಣಗಿದ್ದಾಗ ನೋಡಿದ್ರ ತಿಳಿಯಂಗಿಲ್ರಿ ಕಾಕಾ. ಕಾಯಲಿ."

"ಒಳಗ ಪಿಂಗಾಣಿ ಐತಲ್ಲವಾ! ಅದರಾಗ ಕರೆಂಟ್ ಹರೀತಿದ್ರ ಲೈಟಿನ ಕಂಬದ ಮ್ಯಾಲ ಯಾಕ ಕುಂಡ್ರಸತಿದ್ರು?"

"ಕಾದ್ರ ಅದರಾಗೂ ಹರೀತೈತ್ರಿ. ಅವ್ರು ಅದನ್ನ ಅಳೀತಿದ್ರು."

ಅರ್ಧ ತಾಸು ಭಟ್ಟಿ ಕಾಯಿತು. ಕಾವಿನ ಮುಳ್ಳು ಒಂಬೈನೂರು ಡಿಗ್ರಿ ದಾಟಿತು. ಈರಪ್ಪ ತಗಡಿಗೆ ಮತ್ತೆ ಟೆಸ್ಟರ್ ಹಚ್ಚಿದ. ಟೆಸ್ಟರಿನೊಳಗೆ ಕೆಂಪು ದೀಪ ಹತ್ತಿತು.

"ಹಂಗಾರ ಸುಭಾಸ..." ಅವನು ಪ್ಲಗ್ ಕಿತ್ತ. "ನಮ್ಮನ್ಯಾಗ ಎಂಟು ವರ್ಷ ಏನೂ ಆಗಿಲ್ಲಲ್ಲ!"

"ನಿಮ್ಮ ಅರ್ಥಿಂಗ್ ಎಲ್ಲೈತ್ರಿ?"

"ಬಚ್ಚಲ ಬಾಜೂಕ." ಈರಪ್ಪನ ಮುಖ ಬಿಳಿಚಿತು. "ಈ ವರ್ಷ ಬಚ್ಚಲಾ ಆ ಕಡೆ ಕಟ್ಟೇವಿ. ಈಗ ಅಲ್ಲಿ ನೀರ ಬೀಳಂಗಿಲ್ಲ."

"ನಮ್ದೂ ಒಣಗಿತ್ತು." ಅವಳಿಗೆ ತನ್ನ ದನಿಯೇ ಬೇರೆಯವರದೆನಿಸಿತು. "ನೀರ ಹಾಕಾಕಿ ನಾನು. ಹಾಕಿರಲಿಲ್ಲ."

ಹೊಸ್ತಿಲಲ್ಲಿದ್ದ ಅತ್ತೆ ತಲೆಯೆತ್ತಿ ಅವಳನ್ನು ನೋಡಿದಳು.

ಭಟ್ಟಿ ಆರಿದ ಮೇಲೆ ಅವಳೇ ಅದನ್ನು ಗೋಣಿಚೀಲದಲ್ಲಿ ಸುತ್ತಿ ಸ್ಕೂಟರಿಗೆ ಬಿಗಿದು ಕಟ್ಟಿದಳು. "ದಿನಾ ಒಂದು ಕೊಡ, ಕಾಕಾ. ಸಿದ್ದರಾಮಗ ಮರೀಲಾರದಂಗ ಹೇಳ್ರಿ."

ಸ್ಕೂಟರ್ ತಿರುವಿನಲ್ಲಿ ಮರೆಯಾಯಿತು. ಹೊಸ್ತಿಲು ಖಾಲಿಯಿತ್ತು. ಹಿತ್ತಲಲ್ಲಿ ಅತ್ತೆ ಕೊಡ ಬಗ್ಗಿಸಿದ ಸದ್ದು. ಕರಿ ಮಣ್ಣು ಗಟಗಟ ನೀರು ಕುಡಿಯುತ್ತಿತ್ತು. ದಾನೇಶ್ವರಿಗೆ ಮನೆಯೊಳಗೆ ಕಾಲಿಡುವ ಧೈರ್ಯವಾಗಲಿಲ್ಲ.